ಹೊರಗಿನಿಂದ ಬೀಗ ಬಿದ್ದ ಮಧ್ಯಾಹ್ನ

೨೦೦೮ರ ಜುಲೈ ತಿಂಗಳು. ರಾಮನಗರ ಪ್ರತ್ಯೇಕ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಅಲ್ಲಿನ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಮನೆಭೇಟಿಯ ಥೆರಪಿಸ್ಟ್ ಆಗಿದ್ದೆ. ಆಟಿಸಂ ಇರುವ ಮಕ್ಕಳ ಮನೆಗೇ ಹೋಗಿ ತರಬೇತಿ ಕೊಡುವುದು, ಅದನ್ನು ತಾಯಂದಿರಿಗೂ ಕಲಿಸಿ ಬರುವುದು ನನ್ನ ಕೆಲಸ. ಆಟಿಸಂ ರೋಗವಲ್ಲ, ಶಬ್ದ, ಸ್ಪರ್ಶ, ಮಾತು, ಜನರ ಒಡನಾಟ ಇವೆಲ್ಲವನ್ನೂ ಮಿದುಳು ಬೇರೆ ರೀತಿಯಲ್ಲಿ ಗ್ರಹಿಸುವ ಹುಟ್ಟುಸ್ಥಿತಿ. ಇದನ್ನು ಎಲ್ಲ ತಾಯಂದಿರಿಗೂ ಹೇಳುತ್ತಿದ್ದೆ. ಹೇಳಿದಷ್ಟನ್ನು ನಾನೇ ನಂಬಿದ್ದೆನೇ ಎಂಬುದು ಬೇರೆ ಮಾತು.

ನನ್ನ ಪಟ್ಟಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಚನ್ನಪಟ್ಟಣದ ಕಡೆ ನಾಲ್ವರು, ಮಾಗಡಿಯಲ್ಲಿ ಇಬ್ಬರು, ಉಳಿದವರು ಕನಕಪುರ ತಾಲ್ಲೂಕಿನವರು. ಅವರಲ್ಲಿ ಸಿಂಚನ ಎಂಬ ಆರು ವರ್ಷದ ಹುಡುಗಿಯೂ ಒಬ್ಬಳು. ಅವಳಿಗೆ ಮಾತು ಬಂದಿರಲಿಲ್ಲ. ತಂದೆ ಶಿವರಾಜು ಕೋಡಿಹಳ್ಳಿ ಕಡೆಯವರು, ವೆಲ್ಡಿಂಗ್ ಕಲಿತು ಹಾರೋಹಳ್ಳಿ ಕಡೆ ಕಾರ್ಖಾನೆ ಸೇರಿದ್ದರು. ರಾಗಿ ಹೊಲಗಳ ನಡುವೆ ಶೀಟಿನ ಶೆಡ್ಡುಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ರಸ್ತೆಗೆ ಅಂಟಿಕೊಂಡ ಒಂದು ವಠಾರದಲ್ಲಿ ಅವರ ಬಾಡಿಗೆ ಮನೆ. ಒಂದೇ ಕೋಣೆ, ಮೇಲೆ ಸಿಮೆಂಟ್ ಶೀಟು. ಇದ್ದ ಒಂದು ಕಿಟಕಿಯನ್ನು ತೆರೆದರೆ ಒಂದು ಮೊಳದಾಚೆ ಪಕ್ಕದ ಮನೆಯ ಗೋಡೆ. ಅಷ್ಟರಲ್ಲೇ ಶಿವರಾಜು, ಅವರ ಹೆಂಡತಿ ಭಾಗ್ಯ, ತಾಯಿ ಕೆಂಪಮ್ಮ ಮತ್ತು ಮಗು.

ನಾನು ಕಲಿತಿದ್ದ ವಿಧಾನ ಸರಳವಾಗಿತ್ತು. ಮಗುವನ್ನು ಕುರ್ಚಿಯಲ್ಲಿ ಕೂರಿಸಬೇಕು. "ನೋಡು" ಎಂದು ಹೇಳಿ ಗಲ್ಲ ಹಿಡಿದು ನಮ್ಮತ್ತ ತಿರುಗಿಸಬೇಕು. ನೋಡಿದರೆ ಒಂದು ಚೂರು ಬಿಸ್ಕತ್ತು. ಕೈ ಆಡಿಸಿದರೆ ಹಿಡಿದು ತೊಡೆಯ ಮೇಲಿಡಬೇಕು. ಎಷ್ಟು ಸೆಕೆಂಡ್ ಕಣ್ಣಿಗೆ ಕಣ್ಣು ಕೊಟ್ಟಿತು ಎಂಬುದನ್ನು ಸ್ಟಾಪ್‌ವಾಚ್ ನೋಡಿ ಫಾರಂನಲ್ಲಿ ಬರೆಯಬೇಕು. ಇದನ್ನೇ ದಿನಕ್ಕೆ ನಾಲ್ಕು ಸಲ, ಹದಿನೈದು ನಿಮಿಷದಂತೆ ಮಾಡಿಸಲು ಭಾಗ್ಯಳಿಗೂ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೆ. ಅವಳು ಅಕ್ಷರವೂ ತಪ್ಪದಂತೆ ಪಾಲಿಸಿದಳು. ಐದು ತಿಂಗಳಲ್ಲಿ ಸಿಂಚನ ಎರಡು ಸೆಕೆಂಡಿನಿಂದ ಏಳು ಸೆಕೆಂಡಿಗೆ ಬಂದಳು. ಸಂಸ್ಥೆಯ ಸಭೆಯಲ್ಲಿ ಅವಳ ಗ್ರಾಫನ್ನು ನಾನೇ ನಿಂತು ತೋರಿಸಿದ್ದೆ.

ಆದರೆ ಮನೆಯಲ್ಲಿ ಅವಳ ಕೂಗಾಟ, ತಲೆ ಚಚ್ಚಿಕೊಳ್ಳುವುದು ಹೆಚ್ಚುತ್ತಲೇ ಹೋಯಿತು. ಜೂನ್‌ನಲ್ಲಿ ಒಂದು ದಿನ, ಭಾಗ್ಯ ತೂಕಡಿಸುತ್ತಿದ್ದಾಗ, ಸಿಂಚನ ಒಳಗಿನ ಚಿಲಕ ತೆಗೆದು ರಸ್ತೆಗೆ ಓಡಿದಳು. ಟಿಪ್ಪರ್ ಲಾರಿಯವನು ಬ್ರೇಕ್ ಹಾಕಿದ್ದರಿಂದ ಉಳಿದಳು. ಶಿವರಾಜು ಮಗುವನ್ನು ದೂರದ ಒಂದು ವಸತಿ ಸಂಸ್ಥೆಗೆ ಬಿಡಲು ತೀರ್ಮಾನಿಸಿದರು. "ಮನೆಯಲ್ಲಿ ನಿಭಾಯಿಸಲು ಸಾಧ್ಯವಿಲ್ಲ" ಎಂದು ಥೆರಪಿಸ್ಟ್ ಬರೆದ ಪತ್ರ ಅಲ್ಲಿಗೆ ಬೇಕಿತ್ತು. ಆ ಗುರುವಾರ ಅದನ್ನು ಟೈಪ್ ಮಾಡಿಸಿ, ಸಹಿ ಹಾಕಿ, ಬ್ಯಾಗಿನಲ್ಲಿ ಇಟ್ಟುಕೊಂಡೇ ಹೊರಟಿದ್ದೆ.

ಯಾವಾಗಲೂ ಬೆಳಗ್ಗೆ ಹನ್ನೊಂದಕ್ಕೆ ಹೋಗುತ್ತಿದ್ದವಳು ಅಂದು ಸ್ಕೂಟಿ ಪಂಕ್ಚರ್ ಆಗಿ, ಅದನ್ನು ಅಂಗಡಿಯಲ್ಲಿ ಬಿಟ್ಟು ಬಸ್ಸಿನಲ್ಲಿ ತಲುಪಿದಾಗ ಒಂದೂವರೆ. ಜಿನುಗುಮಳೆ ಇದ್ದುದರಿಂದ ಚಪ್ಪಲಿಯನ್ನೂ ಒಳಗೇ ಬಿಟ್ಟೆ. ಕೆಂಪಮ್ಮ ವಠಾರದ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದರು, ನನ್ನನ್ನು ನೋಡಲಿಲ್ಲ. ಎರಡು ಗಂಟೆಗೆ ಹೊರಗೆ ಚಿಲಕ ಎಳೆದ ಸದ್ದು, ಬೀಗ ಬಿದ್ದ ಸದ್ದು. ಭಾಗ್ಯ ಬಾಗಿಲಿಗೆ ಹೋಗಿ ಅತ್ತೆಯನ್ನು ಕೂಗುವಷ್ಟರಲ್ಲಿ ಹೆಜ್ಜೆ ಸದ್ದು ದೂರವಾಗಿತ್ತು.

"ಅಯ್ಯೋ, ಅತ್ತೆ ಬೀಗ ಹಾಕ್ಕೊಂಡ್ ಓಗ್ಬುಟ್ರು! ಕ್ಯಾಂಟೀನ್ ಕೆಲ್ಸುಕ್ಕೆ ಓಯ್ತಾರೆ ಮೇಡಂ. ಇನ್ನು ಐದೂವರೆಗೇ ಬರೋದು," ಎಂದಳು.

"ಒಳಗೆ ನೀವಿರುವಾಗಲೇ ಬೀಗ ಹಾಕ್ತಾರಾ?"

"ದಿನಾ ಹಿಂಗೇಯ. ಅವತ್ತು ಇವ್ಳು ಓಡೋದ್ಳಲ್ಲ, ಆವತ್ನಿಂದ. ಕೀ ಒಳ್ಗಿದ್ರೆ ನಾನು ತೂಕಡಿಸ್ದಾಗ ತಗ್ದುಬುಡ್ತಾಳೆ ಅಂತ."

ಕೆಂಪಮ್ಮನ ಬಳಿ ಫೋನ್ ಇರಲಿಲ್ಲ. ಶಿವರಾಜು ತಮ್ಮ ಮೊಬೈಲನ್ನು ಕಾರ್ಖಾನೆಯ ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕಿತ್ತು. ನಾನು ಕರೆ ಮಾಡಿದರೆ ಮೂರು ಸಲವೂ ರಿಂಗಾಗಿ ನಿಂತಿತು. ವಠಾರದವರೆಲ್ಲ ಶಿಫ್ಟಿಗೆ ಹೋಗಿದ್ದರು. ಮಳೆ ನಿಂತು ಬಿಸಿಲು ಬಂದು ಶೀಟು ಕಾಯತೊಡಗಿತು. ಸೀಮೆಎಣ್ಣೆ ಸ್ಟವ್ವಿನ ವಾಸನೆ. ನನಗೆ ಬಾತ್‌ರೂಮಿಗೆ ಹೋಗಬೇಕಿತ್ತು, ಅದು ವಠಾರದ ಹಿಂಭಾಗದಲ್ಲಿತ್ತು. ಹತ್ತೇ ನಿಮಿಷಕ್ಕೆ ನಾನು ಎರಡೂ ಅಂಗೈಯಿಂದ ಬಾಗಿಲು ಬಡಿಯುತ್ತ "ಯಾರಾದ್ರೂ ಇದೀರಾ" ಎಂದು ಕೂಗತೊಡಗಿದೆ. ಕೈ ನೋಯುವ ತನಕ ಬಡಿದೆ. ಯಾರೂ ಬರಲಿಲ್ಲ.

ಸಿಂಚನ ಬಾಗಿಲು ಬಡಿದಾಗಲೆಲ್ಲ ನಾನು ಫಾರಂನಲ್ಲಿ "ಹಠ" ಎಂದು ಬರೆದಿದ್ದೆ.

ನಾಚಿಕೆಯಾಗಿ ಗೋಡೆಗೆ ಒರಗಿ ಕುಳಿತೆ. ನನ್ನ ಕಾರ್ಡುಗಳು, ಮಣಿಗಳು ಎಲ್ಲ ಮುಗಿದಿದ್ದವು. ಕೊಡಲು ಪಾಠವಿಲ್ಲ, ಹೋಗಲು ದಾರಿಯಿಲ್ಲ. ಐದು ತಿಂಗಳಲ್ಲಿ ಮೊದಲ ಬಾರಿಗೆ, ಏನನ್ನೂ ಮಾಡಿಸದೆ ಆ ಮಗುವನ್ನು ನೋಡುತ್ತ ಕುಳಿತೆ.

ಅವಳು ಬಾಗಿಲ ಬಳಿ ನೆಲಕ್ಕೆ ಕೆನ್ನೆಯೊತ್ತಿ ಮಲಗಿದ್ದಳು. ಬಾಗಿಲಿನ ಕೆಳಗೆ ಎರಡು ಬೆರಳಿನಷ್ಟು ಸಂದಿಯಿತ್ತು. ಆಗಾಗ "ಮ್ಮ್ಮ್" ಎಂದು ಗುನುಗುತ್ತಿದ್ದಳು. ಇದಕ್ಕೂ ನನ್ನ ಫೈಲಿನಲ್ಲಿ ಒಂದು ಹೆಸರಿತ್ತು, ಅನಪೇಕ್ಷಿತ ವರ್ತನೆ. ಅವಳು ಮಲಗಿದರೆ ಎಬ್ಬಿಸಿ ಕೂರಿಸಿ ಎಂದು ಬರೆದುಕೊಟ್ಟಿದ್ದವಳೂ ನಾನೇ. ಸ್ವಲ್ಪ ಹೊತ್ತು ಗಮನಿಸಿದ ಮೇಲೆ ಒಂದು ವಿಷಯ ಹೊಳೆಯಿತು. ಅವಳು ಗುನುಗಿದ ತುಸು ಹೊತ್ತಿಗೆ ರಸ್ತೆಯಲ್ಲಿ ಲಾರಿ ಹೋಗುತ್ತಿತ್ತು. ಪ್ರತಿ ಸಲವೂ ಹಾಗೆಯೇ.

ನಾನೂ ಹೋಗಿ ಅವಳಿಂದ ಒಂದು ಮೊಳ ದೂರದಲ್ಲಿ ಮಲಗಿ ಕೆನ್ನೆಯನ್ನು ನೆಲಕ್ಕಿಟ್ಟೆ. ಇಡೀ ಮನೆಯಲ್ಲಿ ತಂಪಾಗಿದ್ದುದು ಆ ಜಾಗವೊಂದೇ. ಸಂದಿಯಿಂದ ಗಾಳಿ ಬರುತ್ತಿತ್ತು. ನೆಲ ಸಣ್ಣಗೆ ನಡುಗಿತು, ಅವಳು ಗುನುಗಿದಳು, ಆಮೇಲೆ ಲಾರಿಯ ಸದ್ದು ಕೇಳಿಸಿತು. ನಮ್ಮ ಕಿವಿಗೆ ಬರುವ ಮೊದಲೇ ಅವಳ ಕೆನ್ನೆಗೆ ತಿಳಿಯುತ್ತಿತ್ತು. ದಿನಾ ಮೂರೂವರೆ ಗಂಟೆ ಕಾಲ ಬೀಗ ಬಿದ್ದಿರುತ್ತಿದ್ದ ಮನೆಯಲ್ಲಿ ಹೊರಗಿನ ಪ್ರಪಂಚವನ್ನು ಅವಳು ಹೀಗೆ ತರಿಸಿಕೊಳ್ಳುತ್ತಿದ್ದಳು.

ಮುಂದಿನ ಸಲ ಅವಳು ಗುನುಗಿದಾಗ ನಾನೂ ಮೆಲ್ಲಗೆ ಗುನುಗಿದೆ. ಅವಳು ಥಟ್ಟನೆ ನಿಲ್ಲಿಸಿದಳು. ಕೆಡಿಸಿಬಿಟ್ಟೆ ಅಂದುಕೊಂಡು ಸುಮ್ಮನಾದೆ. ಬಹಳ ಹೊತ್ತಿನ ನಂತರ ಅವಳೇ ಸಣ್ಣದಾಗಿ ಒಮ್ಮೆ ಗುನುಗಿ ಕಾದಳು. ನಾನು ಮರುದನಿ ಕೊಟ್ಟೆ. ಹೀಗೆ ಎಷ್ಟು ಸಲವಾಯಿತೋ ಲೆಕ್ಕವಿಡಲಿಲ್ಲ. ಆಮೇಲೆ ಅವಳು ಮೈ ಎಳೆದುಕೊಂಡು ಗೋಡೆಯ ಕಡೆಗೆ ಒಂದು ಗೇಣು ಸರಿದಳು. ಸಂದಿಯ ಮುಂದೆ ಒಬ್ಬರು ಮಲಗುವಷ್ಟು ಜಾಗವಾಯಿತು. ನಾನು ಅಲ್ಲಿಗೆ ಜರುಗಿದೆ. ಅವಳು ನನ್ನ ಮುಖ ನೋಡಿದಳು. ಯಾರೂ ಗಲ್ಲ ಹಿಡಿದಿರಲಿಲ್ಲ.

ಹಿಂದಿನಿಂದ ಭಾಗ್ಯ ಹೇಳಿದಳು. "ಮೇಡಂ, ನಿಮ್ಗೆ ಜಾಗ ಬುಟ್ಲು ಅವ್ಳು." ಆಮೇಲೆ, "ನಂಗೆ ಬುಡಕಿಲ್ಲ," ಎಂದಳು.

ಎದ್ದು ಕುಳಿತು ನೋಡಿದೆ, ಅವಳ ಕಣ್ಣು ತುಂಬಿತ್ತು.

"ನೀವ್ ಬರ್ಕೊಟ್ಟಂಗೇ ಮಾಡ್ದೆ. ದಿನಾ ನಾಕು ಕಿತ. ಕೈ ಗಟ್ಟಿಯಾಗಿ ಇಡ್ಕೊಂಡೆ, ಗಲ್ಲ ಇಡ್ಕೊಂಡೆ. ಅತ್ರೂ ಬುಡ್ಲಿಲ್ಲ. ಮೊದ್ಲು ನನ್ ಮಡ್ಲಾಗೆ ಮನಿಕ್ಕಳೋಳು ಮೇಡಂ. ಈಗ ನಾನ್ ಅತ್ರಕ್ಕೆ ಓದ್ರೆ ಗ್ವಾಡೆ ಕಡೀಕೆ ತಿರಿಕ್ಕಂತಾಳೆ. ಇಲ್ಲ ಅಂದ್ರೆ ಎರ್ಡೂ ಕೈ ಮುಂದುಕ್ಕೆ ಚಾಚ್ಬುಡ್ತಾಳೆ, ಇಡ್ಕೊಳವ್ವ ಅನ್ನಂಗೆ."

ಆ ಚಾಚಿದ ಕೈಗಳನ್ನು ನಾನೂ ನೋಡಿದ್ದೆ. "ಸಹಕಾರ ಉತ್ತಮಗೊಂಡಿದೆ" ಎಂದು ವರದಿಯಲ್ಲಿ ಬರೆದಿದ್ದೆ.

"ತಪ್ಪು ನಿಮ್ಮದಲ್ಲ ಭಾಗ್ಯ, ನಾನು ಹೇಳಿಕೊಟ್ಟಿದ್ದೇ ತಪ್ಪು," ಎಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಐದೂ ಮುಕ್ಕಾಲಿಗೆ ಬೀಗ ತೆಗೆದ ಕೆಂಪಮ್ಮ ನನ್ನನ್ನು ಕಂಡು "ಅಯ್ಯೋ ನನ್ನವ್ವ! ನೀನು ಒಳ್ಗಿದ್ಯಾ?" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ನಾನು ವಠಾರದ ಹಿಂಭಾಗದ ಬಾತ್‌ರೂಮಿಗೆ ಓಡಿದೆ.

ಆರೂವರೆಗೆ ಬಂದ ಶಿವರಾಜು ಪತ್ರ ಕೇಳಿದರು. ಒಂದು ತಿಂಗಳು ಸಮಯ ಕೊಡಿ ಎಂದೆ.

"ಐದ್ ತಿಂಗ್ಳಿಂದ ಆಗ್ದೆ ಇದ್ದಿದ್ದು ಒಂದ್ ತಿಂಗ್ಳಲ್ಲಿ ಏನಾಯ್ತದೆ ಮೇಡಂ? ನಾಳೆ ಲಾರಿ ಕೆಳಕ್ ಸಿಕ್ಕಾಕ್ಕಂಡ್ರೆ ನೀವ್ ಬತ್ತೀರಾ?"

"ನಿಮಗೆ ವೆಲ್ಡಿಂಗ್ ಬರುತ್ತಲ್ಲ," ಎಂದೆ. ಬಾಗಿಲಿಗೆ ದೊಡ್ಡವರ ಎದೆಯೆತ್ತರದ ಒಂದು ಸಣ್ಣ ಗೇಟು, ಮಗುವಿನ ಕೈಗೆ ಎಟುಕದಂತೆ ಹೊರಗಡೆ ಕೊಂಡಿ. ಬಾಗಿಲು ತೆರೆದಿರುತ್ತದೆ, ಗಾಳಿ ಬೆಳಕು ಬರುತ್ತದೆ, ರಸ್ತೆ ಕಾಣುತ್ತದೆ, ಭಾಗ್ಯಳಿಗೂ ಹೊರಗೆ ಬರಲಾಗುತ್ತದೆ. ಗೇಟು ಕೂಡ ಅಡ್ಡವೇ ಎಂಬುದು ನನಗೆ ಗೊತ್ತಿತ್ತು, ಆದರೆ ಲಾರಿಗಳೂ ನಿಜವಾಗಿದ್ದವು. ಅವರು ಎದ್ದು ಬಾಗಿಲಿನ ಅಗಲವನ್ನು ಗೇಣಿನಿಂದ ಅಳೆದು, "ಒಂದೇ ತಿಂಗ್ಳು," ಎಂದರು. ಭಾನುವಾರ ಗೇಟು ಕೂರಿಸಿದರು.

ಮಗುವಿನ ಆಸಕ್ತಿಯ ಹಿಂದೆ ನಾವು ಹೋಗುವುದು, ಅದರ ಆಟಕ್ಕೆ ಸೇರಿಕೊಂಡು ಕಾಯುವುದು, ಬೇಡವೆಂದರೆ ಬಿಡುವುದು. ಇದಕ್ಕೆ ನಮ್ಮ ವೃತ್ತಿಯಲ್ಲಿ ಚೈಲ್ಡ್-ಲೆಡ್ ಥೆರಪಿ ಎನ್ನುತ್ತಾರೆ. ತರಬೇತಿಯಲ್ಲಿ ಅದರ ಬಗ್ಗೆ ಒಂದು ಗಂಟೆಯ ಪಾಠವಿತ್ತು. ನಾನು ನೋಟ್ಸ್ ಬರೆದುಕೊಂಡು ಮರೆತಿದ್ದೆ. ಈಗ ಭಾಗ್ಯಳಿಗೆ ಕೊಟ್ಟಿದ್ದ ಹಾಳೆಯನ್ನು ವಾಪಸು ಪಡೆದು, ಹದಿನೈದು ನಿಮಿಷ ಮಗಳ ಪಕ್ಕದಲ್ಲಿ ಸುಮ್ಮನೆ ಮಲಗಿ, ಮುಟ್ಟಬೇಡಿ, ಕರೆಯಬೇಡಿ ಎಂದೆ. ಕೈ ಆಡಿಸಿದರೆ ಆಡಿಸಲಿ ಬಿಡಿ. ಸಂಜೆ ಅವಳ ಕೈಹಿಡಿದು ರಸ್ತೆಯಿಂದ ದೂರ ನಿಂತು ಲಾರಿಗಳನ್ನು ತೋರಿಸಿ.

ಸಂಸ್ಥೆಯಲ್ಲಿ ನಮ್ಮ ಕೋಆರ್ಡಿನೇಟರ್ ನನ್ನ ಫಾರಂ ನೋಡಿ, "ಕಣ್ಣಿನ ಕಾಲಂ ಖಾಲಿ ಬಿಟ್ಟಿದ್ದೀರಿ. ನೆಲದ ಮೇಲೆ ಮಲಗಿದ್ದನ್ನ ಯಾವ ಕಾಲಂನಲ್ಲಿ ತೋರಿಸ್ತೀರಿ ಮೇಡಂ?" ಎಂದು ಕೇಳಿದರು. ಅವರು ಕೆಟ್ಟವರಲ್ಲ, ಅವರ ಮೇಲೂ ಒಬ್ಬರಿದ್ದರು. ಉಳಿದ ಹತ್ತು ಮನೆಗಳಿಗೂ ನಾನು ಅದೇ ಹಾಳೆ ಕೊಟ್ಟಿದ್ದೆ. ಒಂದೊಂದು ಮನೆಗೂ ಹೋಗಿ ತಪ್ಪಾಯಿತೆಂದು ಹೇಳಬೇಕಾಯಿತು. ಎರಡು ಮನೆಯವರು ಮತ್ತೆ ನನ್ನನ್ನು ಕರೆಯಲಿಲ್ಲ.

ಭಾಗ್ಯ ಪಕ್ಕದಲ್ಲಿ ಮಲಗಿದರೂ ಮೊದಲ ಎರಡು ವಾರ ಸಿಂಚನ ಗೋಡೆಯ ಕಡೆಗೇ ತಿರುಗಿಕೊಂಡಳು. ಮೂರನೇ ವಾರ ನಾನು ಹೋದಾಗ ಭಾಗ್ಯ ಬಾಗಿಲಲ್ಲೇ ನಿಂತು ಪಿಸುಗುಟ್ಟಿದಳು. "ನಿನ್ನೆ ನನ್ ಒಟ್ಟೆ ಮ್ಯಾಲೆ ಕಾಲಾಕ್ಕೊಂಡ್ಳು ಮೇಡಂ. ನಾನು ಉಸ್ರೂ ಬುಡ್ಲಿಲ್ಲ." ಶಿವರಾಜು ಮತ್ತೆ ಪತ್ರ ಕೇಳಲಿಲ್ಲ. ಸಿಂಚನಳಿಗೆ ಮಾತು ಬರಲಿಲ್ಲ. ತಲೆ ಚಚ್ಚಿಕೊಳ್ಳುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಮುಂದಿನ ಮಾರ್ಚ್‌ನಲ್ಲಿ ಸಂಸ್ಥೆಯ ಮನೆಭೇಟಿ ಯೋಜನೆ ಮುಗಿಯಿತು. ಕೊನೆಯ ಭೇಟಿಯ ದಿನ ನಾನೂ ಸಿಂಚನಳೂ ಇಪ್ಪತ್ತು ನಿಮಿಷ ಆಡಿರಬಹುದು. ಅವಳು ಎದ್ದು ಬಂದು ನನ್ನ ಬೆನ್ನಿಗೆ ಎರಡೂ ಕೈ ಕೊಟ್ಟು ಬಾಗಿಲ ಕಡೆಗೆ ನೂಕತೊಡಗಿದಳು.

"ಮನೆಗ್ ಬಂದೋರ್ನ ಹಂಗ್ ತಳ್ಬಾರ್ದು ಕಣವ್ವ," ಎಂದು ಕೆಂಪಮ್ಮ ಗದರಿದರು.

"ಬುಡಿ ಅತ್ತೆ, ಅವ್ಳಿಗೆ ಸಾಕಾಗೈತೆ," ಎಂದಳು ಭಾಗ್ಯ.

ಆಮೇಲೆ ಹದಿನಾಲ್ಕು ವರ್ಷ ನಾನು ಈ ವೃತ್ತಿಯಲ್ಲಿದ್ದೆ. ಹೊಸದಾಗಿ ಬಂದವರಿಗೆ ಮೊದಲು ಕಲಿಸುತ್ತಿದ್ದುದು ಒಂದೇ. ಮಾತಿಲ್ಲದ ಮಗುವಿನ "ಬೇಡ" ಎಂಬುದನ್ನು ಕೇಳಿಸಿಕೊಳ್ಳಲು ಬಾರದವರಿಗೆ ಆ ಮಗು "ಬೇಕು" ಎಂದು ಯಾವತ್ತೂ ಹೇಳುವುದಿಲ್ಲ. ಆ ಕೊನೆಯ ಭೇಟಿಯ ಅವಧಿ ಮುಗಿಯಲು ಇನ್ನೂ ಇಪ್ಪತ್ತೈದು ನಿಮಿಷವಿತ್ತು. ನಾನು ಎದ್ದು, ಹೋಗಿ ಬರ್ತೀನಿ ಎಂದು ಸಿಂಚನಳಿಗೆ ಹೇಳಿ, ಹೊರಟೆ.