ಹೊಳೆನರಸೀಪುರದ ಮಡಿ ಕಾರು

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಬೆಳಿಗ್ಗೆ ಇಬ್ಬರು ಸೇರಿಕೊಂಡು ಮೂರನೆಯವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ ಆತ, ಶಾಂತಿಗ್ರಾಮದಲ್ಲಿ ಹತ್ತಿಸಿದ ಹಾಲಿನ ಕ್ಯಾನುಗಳು ಸೋಕದ ಹಾಗೆ ಮೈ ಮುದುರಿಕೊಂಡು ನಿಂತಿದ್ದ.

"ಅತ್ರ ಓಗ್ಬ್ಯಾಡ ಕಣ್ಲಾ, ಅವ್ನು ಒಳೆನರ್ಸೀಪುರದ ಮಡಿ ಕಾರು," ಎಂದ ಒಬ್ಬ. ಅರ್ಧ ಬಸ್ಸು ನಕ್ಕಿತು.

ನಾನು ನಗಲಿಲ್ಲ. ಕಾರು ಎಂಬ ಪದ ಬಿದ್ದರೆ ಸಾಕು, ನನ್ನ ಕಿವಿ ನೆಟ್ಟಗಾಗುತ್ತದೆ. ಮಡಿ ಕಾರು ಅಂದರೆ ಏನಪ್ಪಾ ಎಂದು ಕೇಳಿದೆ. ಹೇಳಿದವನಿಗೇ ಗೊತ್ತಿರಲಿಲ್ಲ. "ಯಾರ್ನೂ ಮುಟ್ಟುಸ್ಕಳ್ದೋರ್ಗೆ ಅಂಗಂತೀವಿ ಸಾ. ನಮ್ಮಪ್ಪನೂ ಅಂಗೇ ಅಂತಿದ್ದ," ಎಂದ.

ತೊಂಬತ್ತರ ದಶಕದ ಕೊನೆಯ ಮಾತಿದು. ಆಗ ನಾನು ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆ ನೋಡಿಕೊಳ್ಳುತ್ತಿದ್ದೆ. ಹಳೆಯ ಕಾಲದ ಕಾರೊಂದನ್ನು ಕೊಂಡು, ಅದು ಹುಟ್ಟಿದ ದಿನ ಹೇಗಿತ್ತೋ ಹಾಗೆ ಮಾಡಿ ಓಡಿಸಬೇಕೆಂಬ ಹುಚ್ಚು ಹತ್ತಿ ಬಹಳ ಕಾಲವಾಗಿತ್ತು. "ಇರೋ ಸ್ಕೂಟರ್ರೇ ಒದ್ದೂ ಒದ್ದೂ ಸ್ಟಾರ್ಟ್ ಮಾಡ್ತಾರೆ, ಇವ್ರಿಗೆ ಕಾರು ಬೇರೆ," ಎಂದು ನನ್ನ ಹೆಂಡತಿ ನೆಂಟರೆದುರೇ ಹೇಳುತ್ತಿದ್ದಳು. ಅದು ಸುಳ್ಳೂ ಅಲ್ಲ.

ಮುಂದಿನ ಭಾನುವಾರವೇ ಹೊಳೆನರಸೀಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಮಡಿ ಕಾರು ಎಂದು ಕೇಳಿದರೆ ಹುಡುಗರು ನಕ್ಕರು. ಹೂವು ಮಾರುವ ಮುದುಕಿ ಮಾತ್ರ ದೇವಸ್ಥಾನದ ಬೀದಿಯತ್ತ ಕೈ ತೋರಿಸಿದಳು. ಆ ಮನೆಯಲ್ಲಿದ್ದವರು ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಕಾರು ನೋಡಲು ಬಂದೆ ಎಂದೊಡನೆ ಮೇಷ್ಟ್ರು ಗಾಬರಿಯಾಗಿ ಹೆಂಡತಿಯ ಮುಖ ನೋಡಿದರು. ಅರವತ್ತು ದಾಟಿದ, ಸಣ್ಣ ಮೈಕಟ್ಟಿನ ಆ ಅಮ್ಮ ನನ್ನನ್ನು ಮೇಲಿಂದ ಕೆಳಗೆ ಅಳೆದು, "ಊಟದ ಹೊತ್ತು. ಮೊದಲು ಊಟ ಮಾಡಿ," ಅಂದರು.

ಗೋಡೆಗೆ ತಾಗಿಸಿ ನೆಲದ ಮೇಲೆ ಹಾಕಿದ್ದ ಉದ್ದದ ಹಲಗೆಯ ಮೇಲೆ ಮೇಷ್ಟ್ರ ಪಕ್ಕ ಕೂತೆ. ನುಗ್ಗೇಕಾಯಿ ಹುಳಿ, ಅನ್ನ, ಉಪ್ಪಿನಕಾಯಿ, ಮಜ್ಜಿಗೆ. ಹಲಸಿನ ಮರದ ಹಲಗೆ, ಕೂತು ಕೂತು ಕನ್ನಡಿಯ ಹಾಗಾಗಿತ್ತು. ಆದರೆ ಒಂದು ಮೂಲೆಯನ್ನು ಕಮಾನಿನಂತೆ ಕತ್ತರಿಸಿದ್ದರು, ನಾಲ್ಕೂ ಕಡೆ ಬೋಲ್ಟಿನ ತೂತು. ಊಟದ ಮಣೆಗೆ ಬೋಲ್ಟು ಯಾಕೆ ಎಂದು ಕೇಳಿಯೇಬಿಟ್ಟೆ.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಕಾರು ನೋಡಕ್ಕೆ ಬಂದೋರು ಆಗಲೇ ಅದರಲ್ಲಿ ಕೂತು ಊಟಾನೂ ಮುಗಿಸಿದ್ರಿ!"

ಅದು ಕಾರಿನ ಸೀಟು. ಮೇಷ್ಟ್ರ ತಂದೆ ವಕೀಲರು, ಕಡು ಆಚಾರವಂತರು. ಹೇಮಾವತಿಯಲ್ಲಿ ಮಿಂದು ಮಡಿಯಲ್ಲಿ ಮನೆಗೆ ನಡೆದು ಬರುವಾಗ ಬೀದಿಯಲ್ಲಿ ಯಾರಾದರೂ ಸೋಕಿದರೆ ಮತ್ತೆ ಹೊಳೆಗೇ ಹೋಗಬೇಕು. ಅದಕ್ಕೆ ಉಪಾಯವಾಗಿ ಇಂಗ್ಲೆಂಡಿನ ಕಾರು ಕೊಂಡರಂತೆ! ದನದ ಚರ್ಮದ ಸೀಟು ಮೈಲಿಗೆಯೆಂದು ಕೀಳಿಸಿ, ಹಲಸಿನ ಹಲಗೆ ಕೂರಿಸಿ, ಮೇಲೆ ಉಣ್ಣೆಯ ಧಾವಳಿ ಹಾಸಿ, ಒದ್ದೆ ಪಂಚೆಯಲ್ಲೇ ಸ್ಟಿಯರಿಂಗ್ ಹಿಡಿದು ಹೊಳೆಯಿಂದ ಮನೆಗೆ ಬರುತ್ತಿದ್ದರು. ಊರಿಗೆ ಊರೇ ಅದಕ್ಕೆ ಮಡಿ ಕಾರು ಎಂದು ಹೆಸರಿಟ್ಟಿತು. ಜಗತ್ತಿನಲ್ಲಿ ಕಾರನ್ನು ಇಂಥ ಕಾರಣಕ್ಕೆ ಕೊಂಡವರು ಇನ್ನೊಬ್ಬರಿರಲಾರರು. "ಜಪಕ್ಕೆ ಕೂರೋದು ಜಿಂಕೆ ಚರ್ಮದ ಮೇಲೆ. ಅದು ಮಡಿ, ಇದು ಮೈಲಿಗೆ. ನಮ್ಮ ಮಾವನವರನ್ನ ಕೇಳೋರ್ಯಾರು?" ಎಂದರು ಅಮ್ಮ. ಮೇಷ್ಟ್ರು ಮಜ್ಜಿಗೆಯ ಲೋಟದಲ್ಲಿ ಮುಖ ಮುಚ್ಚಿಕೊಂಡರು.

ಹಿತ್ತಲಿನ ಕೊಟ್ಟಿಗೆಯಲ್ಲಿ ಕಾರು ಇತ್ತು. ದುಂಡನೆಯ ಬೆನ್ನು, ಬಾಗಿಲ ಕಂಬದೊಳಗೆ ಅಡಗಿದ, ತಿರುವು ಬಂದಾಗ ಹೊರಗೆ ಚಾಚಿಕೊಳ್ಳುವ ಪುಟ್ಟ ಕೈ. ಟೈರು ಮಣ್ಣಾಗಿತ್ತು, ವೈರುಗಳನ್ನು ಇಲಿ ತಿಂದಿತ್ತು. ಆದರೆ ಮೈಯ ತಗಡು? ಬೆರಳಿಂದ ತಟ್ಟಿದರೆ ಠಣ್ ಎಂದಿತು. ಎಲ್ಲಿಯೂ ತುಕ್ಕಿಲ್ಲ. ನಂಬಲಾಗದೆ ಇನ್ನೊಮ್ಮೆ ತಟ್ಟಿದೆ.

ಬೆಲೆಯ ಮಾತು ಮೇಷ್ಟ್ರು ಮತ್ತು ನನ್ನ ನಡುವೆ ಬೇಗ ಮುಗಿಯಿತು. ಅಷ್ಟರಲ್ಲಿ ಅಮ್ಮ ನಡುವೆ ಬಂದರು. "ಗುಜರಿಯವರು ಎಷ್ಟೋ ಸಲ ಬಂದು ಹೋದ್ರು. ಕೊಡಲಿಲ್ಲ. ಇದನ್ನ ಓಡಿಸೋರಿಗೆ ಮಾತ್ರ ಕೊಡೋದು. ಓಡಿದ ಮೊದಲನೇ ಗೌರಿ ಹಬ್ಬಕ್ಕೆ ನನ್ನನ್ನ ಇದರಲ್ಲಿ ಹಳ್ಳಿಮೈಸೂರಿಗೆ ಕರ್ಕೊಂಡು ಹೋಗಬೇಕು. ಒಪ್ಪಿಗೆಯಾದ್ರೆ ತಗೊಂಡು ಹೋಗಿ."

ಹಳ್ಳಿಮೈಸೂರು ಅವರ ತವರು. ಮದುವೆಯಾದ ವರ್ಷ ಗೌರಿ ಹಬ್ಬಕ್ಕೆ ಮಗಳನ್ನು ಕರೆದೊಯ್ಯಲು ಬರುತ್ತೇನೆಂದು ಅವರ ತಂದೆ ಹೇಳಿದಾಗ ವಕೀಲರು, "ನೀವು ಬರೋದು ಬೇಡ, ನಮ್ಮ ಕಾರಲ್ಲೇ ಕಳಿಸ್ತೀವಿ," ಎಂದಿದ್ದರು. ಆ ಬಡ ಮನುಷ್ಯ ಊರಿಗೆಲ್ಲ ಹೇಳಿಕೊಂಡು, ಹಬ್ಬದ ಬೆಳಿಗ್ಗೆಯೇ ರಸ್ತೆಯ ಬದಿಯ ಕಲ್ಲಿನ ಹತ್ತಿರ ಬಂದು ನಿಂತರು. ಇತ್ತ ವಕೀಲರಿಗೆ, ಹಳ್ಳಿಗೆ ಹೋಗಿ ಹತ್ತು ಜನರ ಕೈ ಸೋಕಿದರೆ ಕಾರು ಮೈಲಿಗೆಯಾಗುತ್ತದೆಂಬುದು ಆಗ ಹೊಳೆಯಿತು. ಸೊಸೆಯನ್ನು ಎತ್ತಿನ ಗಾಡಿಯಲ್ಲಿ ಕಳಿಸಿದರು. ಗಾಡಿ ಊರು ಮುಟ್ಟಿದಾಗ ಸಂಜೆ. ನೆರೆದವರೆಲ್ಲ ಹೊರಟುಹೋಗಿದ್ದರು, ಅಪ್ಪ ಒಬ್ಬರೇ ನಿಂತಿದ್ದರು. ಅಮ್ಮನ ತಮ್ಮ, ಆಗಿನ್ನೂ ಚೂಟಿ ಹುಡುಗ, ಓಡಿ ಬಂದು "ಕಾರೆಲ್ಲಿ ಅಕ್ಕಾ?" ಎಂದ. ಅಂದಿನಿಂದ ಪ್ರತಿ ಗೌರಿಗೂ ಅಕ್ಕ ಬಸ್ಸಿಳಿದಾಗ ಆತ ಕೇಳುವುದು ಅದನ್ನೇ. ಹುಡುಗನಾಗಿದ್ದಾಗ ಕೇಳಿದ್ದು ನಿಜ, ಆಮೇಲೆ ತಮಾಷೆ, ಈಗ ಅಭ್ಯಾಸ.

"ಮಾವನವರು ಹೋದಮೇಲಾದ್ರೂ ನೀವು ಕೂರಬಹುದಿತ್ತಲ್ಲಮ್ಮ," ಎಂದೆ.

"ಅವರು ಹಾಸಿಗೆ ಹಿಡಿದ ದಿನವೇ ಕಾರೂ ನಿಂತುಹೋಯ್ತು. ನಿಂತ ಕಾರಲ್ಲಿ ಕೂರಕ್ಕೆ ನನಗೇನು ಹುಚ್ಚೇ?"

ನಾನು ಒಪ್ಪಿದೆ. ಟ್ರ್ಯಾಕ್ಟರಿನ ಟ್ರೈಲರಿಗೆ ಹೇರಿ ಕಾರನ್ನು ಅರಕಲಗೂಡಿಗೆ ಸಾಗಿಸಿದೆ. ಮಲ್ಲಿಪಟ್ಟಣದ ಕಡೆಯ ಜೀಪು ಟ್ರ್ಯಾಕ್ಟರುಗಳನ್ನೆಲ್ಲ ಬಿಚ್ಚಿ ಕಟ್ಟುತ್ತಿದ್ದ ಪರಿಚಯದ ಮೆಕ್ಯಾನಿಕ್ಕೊಬ್ಬ ಅಲ್ಲಿದ್ದ. ಅವನು ಕಾರಿನ ಸುತ್ತ ಬಂದು, ಮಡ್‌ಗಾರ್ಡಿನ ಒಳಗೆ ಕೈಯಾಡಿಸಿ, ಬೆರಳು ಮೂಸಿ ನೋಡಿದ. "ಯಾವ್ ಪುಣ್ಯಾತ್ಗಿತ್ತಿ ಸಾ ಇದ್ಕೆ ಅರಳೆಣ್ಣೆ ಆಕಿರೋದು? ಒಳ್ಗೂ ಬಿಟ್ಟಿಲ್ಲ! ಮೊನ್ನೆ ಮೊನ್ನೆ ತಗಂಡಿರೋ ಜೀಪ್ಗಳೇ ತುಕ್ ಇಡ್ಕಂಡು ಉದುರ್ತಾ ಅವೆ."

ಇದನ್ನು ಅಮ್ಮನಿಗೆ ಹೇಳಿದಾಗ ಅವರಿಗೆ ವಿಶೇಷವೇನೂ ಅನ್ನಿಸಲಿಲ್ಲ. "ಮದುವೆಯಾಗಿ ಬಂದಾಗ ಮಾವನವರು, ಸ್ನಾನ ಮಾಡಿ ಕಾರು ಒರೆಸಮ್ಮ, ಎಣ್ಣೆ ಹಚ್ಚಮ್ಮ ಅಂದ್ರು. ಸಾಕು ನಿಲ್ಲಿಸು ಅಂತ ಯಾರೂ ಹೇಳಲಿಲ್ಲ. ಮತ್ತೆ ಅದು ಒಂದು ಸಲ ಹಳ್ಳಿಮೈಸೂರಿಗೆ ಬರಬೇಕಾಗಿತ್ತಲ್ಲ. ಮೈ ಹಾಳಾದ್ರೆ ಹೇಗೆ ಬರುತ್ತೆ?"

ತನ್ನನ್ನು ಹತ್ತಿಸಿಕೊಳ್ಳದ ಕಾರಿಗೆ ಅಷ್ಟು ವರ್ಷ ಎಣ್ಣೆ ಹಚ್ಚಿದ ಹೆಂಗಸು! ನಾನು ಆ ಅಮ್ಮನ ಭಕ್ತನಾದದ್ದು ಅವತ್ತೇ.

ಎಂಜಿನ್ನು ಜಾಮ್ ಆಗಿತ್ತು. ಪ್ಲಗ್ಗು ಬಿಚ್ಚಿ, ತೂತಿನೊಳಗೆ ಡೀಸೆಲ್ಲು ಸೀಮೆಎಣ್ಣೆ ಬೆರೆಸಿ ಸುರಿದು ಕಾದೆವು. ಮುಂದಿನಿಂದ ಹ್ಯಾಂಡಲ್ ಹಾಕಿ ಜೀಕಿದರೆ ಅಲ್ಲಾಡದು. ಮತ್ತೆ ಸುರಿದೆವು, ಮತ್ತೆ ಕಾದೆವು. ಕೊನೆಗೊಂದು ದಿನ ಹ್ಯಾಂಡಲ್ಲು ಕೂದಲೆಳೆಯಷ್ಟು ಮಿಸುಕಿದಾಗ ಇಬ್ಬರೂ ಕೇಕೆ ಹಾಕಿದೆವು, ಪಕ್ಕದ ಹೋಟೆಲಿನವರು ಏನೋ ಆಯಿತೆಂದು ಓಡಿ ಬಂದರು. ಆದರೆ ಆ ವರ್ಷದ ಗೌರಿಗೆ ಎಂಜಿನ್ನು ಓಡಿತೇ ಹೊರತು ಬ್ರೇಕು ಹಿಡಿಯಲಿಲ್ಲ. ಅಮ್ಮ ಬಸ್ಸಿನಲ್ಲಿ ಹೋಗಿ ಬಂದರು. "ಕೇಳಿದನೇನಮ್ಮಾ ನಿಮ್ಮ ತಮ್ಮ?" ಎಂದೆ. "ಬಿಡ್ತಾನಾ? ಅವನಿಗೂ ವಯಸ್ಸಾಯ್ತು. ಈ ಸಲ ಕೆಮ್ಮಿಕೊಂಡು ಕೇಳಿದ," ಎಂದರು. ನನಗೆ ಅದು ಚುಚ್ಚಿತು. ಕೇಳುವವನು ಇರುವಾಗಲೇ ಕಾರು ಹೋಗಬೇಕಿತ್ತು.

ಉಳಿದದ್ದು ಸೀಟಿನ ಪ್ರಶ್ನೆ. ಕಾರು ಹುಟ್ಟಿದಂತೆ ಇರಬೇಕೆಂಬುದು ನನ್ನ ವ್ರತ. ಹುಟ್ಟಿದಾಗ ಇದ್ದದ್ದು ಚರ್ಮ. ಆದರೆ ಇದು ಮಡಿ ಕಾರು ಎನಿಸಿಕೊಂಡದ್ದು ಹಲಗೆಯಿಂದ. ಚರ್ಮ ಹಾಕಿಸಿದರೆ ಅಮ್ಮ ಕೂರುವರೇ? ಸೀಟು ಹೊಲಿಯುವವನು, "ರೆಕ್ಸಿನ್ ಆಕ್ಬುಡಿ ಸಾ, ಚರ್ಮ ಇದ್ದಂಗೂ ಆಯ್ತು, ಇಲ್ದಂಗೂ ಆಯ್ತು," ಎಂದ. ನಾನು ನೇರವಾಗಿ ಅಮ್ಮನನ್ನೇ ಕೇಳಿದೆ. ಅವರು ಹಲಗೆಯ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದರು.

"ಹಲಗೆ ಕೊಡಲ್ಲ, ಬಂದವರಿಗೆ ಊಟಕ್ಕೆ ಬೇಕು. ಕಾರು ಹೇಗೆ ಬಂದಿತ್ತೋ ಹಾಗೇ ಮಾಡಿಸಿ," ಎಂದರು. ಒಳಗಿನಿಂದ ಮೇಷ್ಟ್ರು, "ಚರ್ಮಾನಾ?" ಎಂದು ಕೂಗಿದರು. "ನೀವು ಬೇಕಾದ್ರೆ ಬಸ್ಸಲ್ಲಿ ಬನ್ನಿ," ಎಂದರು ಅಮ್ಮ.

ಮರುವರ್ಷ ಗೌರಿ ಹಬ್ಬದ ಬೆಳಿಗ್ಗೆ ದೇವಸ್ಥಾನದ ಬೀದಿಗೆ ಕಾರು ತಂದೆ. ಕಡು ಹಸಿರು ಬಣ್ಣ, ಕೆಂಪು ಚರ್ಮದ ಸೀಟು. ಬೀದಿಯ ಜನರೆಲ್ಲ ಬಾಗಿಲಲ್ಲಿ. ಅಮ್ಮ ಹಬ್ಬದ ಸೀರೆಯುಟ್ಟು, ಚೀಲದಲ್ಲಿ ತವರಿನ ಪೂಜೆಗೆಂದು ಯಾರೂ ಸೋಕದ ಹಾಗೆ ಒಣಗಿಸಿ ಮಡಿಸಿದ ಮಡಿ ಸೀರೆ ಇಟ್ಟುಕೊಂಡು ಬಂದರು. ಬಾಗಿಲು ತೆರೆದೆ. ಸೀಟನ್ನು ಒಮ್ಮೆ ಕೈಯಿಂದ ಸವರಿ, ನನ್ನ ಪಕ್ಕದಲ್ಲಿ ಮುಂದೆಯೇ ಕೂತರು. ಮೇಷ್ಟ್ರೂ ಹಿಂದೆ ಹತ್ತಿದರು.

ಮಳೆ ಬಿಟ್ಟು ಸುಡುವ ಬಿಸಿಲು. ಹಳ್ಳಿಮೈಸೂರು ಇನ್ನೇನು ಬಂತು ಎನ್ನುವಾಗ, ಏರಿನಲ್ಲಿ ಎಂಜಿನ್ನು ಕೆಮ್ಮಿ ನಿಂತಿತು. ಬಾನೆಟ್ ಎತ್ತಿದೆ. ಬಿಸಿಗೆ ಪೆಟ್ರೋಲು ಎಂಜಿನ್ನಿನ ಪಕ್ಕದ ಪುಟ್ಟ ಪಂಪಿನಲ್ಲೇ ಆವಿಯಾಗಿ ಕಾರ್ಬುರೇಟರಿಗೆ ಹೋಗುತ್ತಿರಲಿಲ್ಲ. ಹೊಲದಲ್ಲಿದ್ದ ನಾಲ್ಕು ಜನ ಬಂದು, "ನೂಕ್ತೀವಿ ಬುಡಿ ಸಾ, ಊರು ಇಲ್ಲೇ ಅದೆ," ಎಂದರು.

"ಬೇಡ," ಎಂದರು ಅಮ್ಮ, ಕೂತಲ್ಲಿಂದಲೇ. "ನೂಕಿಸಿಕೊಂಡು ಹೋಗಕ್ಕೆ ಅಪ್ಪ ಅಷ್ಟು ಹೊತ್ತು ನಿಂತಿರಲಿಲ್ಲ. ಏನು ಬೇಕು ಹೇಳಿ ಇದಕ್ಕೆ?"

"ಒದ್ದೆ ಬಟ್ಟೆ ಅಮ್ಮಾ. ಪಂಪಿನ ಮೇಲೆ ದಪ್ಪಗೆ ಸುತ್ತಬೇಕು." ನನ್ನ ಹತ್ತಿರ ಇದ್ದದ್ದು ಗ್ರೀಸು ಒರೆಸುವ ಅಂಗೈಯಗಲದ ಚಿಂದಿ.

ಅಮ್ಮ ಚೀಲಕ್ಕೆ ಕೈ ಹಾಕಿ ಮಡಿ ಸೀರೆ ತೆಗೆದರು. ಹಿಂದಿನಿಂದ ಮೇಷ್ಟ್ರು, "ಪೂಜೆಗೆ?" ಎಂದರು. "ಮಡಿ ಕಾರಿಗೆ ಮಡಿ ಬಟ್ಟೆಯೇ ಬೇಕಂತೆ, ಕೊಡೋಣ," ಎಂದು ಅದನ್ನು ನೇರ ಹೊಲದವನ ಕೈಗೇ ಕೊಟ್ಟು, "ನಾಲೆಯಲ್ಲಿ ಅದ್ದಿ ತಗೊಂಡು ಬಾರಪ್ಪಾ," ಎಂದರು. ಆತ ಮುಟ್ಟಲು ಹಿಂಜರಿದ. "ತಗೋ," ಎಂದರು ಅಮ್ಮ ಗದರುವ ದನಿಯಲ್ಲಿ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ನೀರು ಸೋರುವ ಸೀರೆಯನ್ನು ಪಂಪಿಗೆ ಸುತ್ತಿ ಸ್ವಲ್ಪ ಹೊತ್ತು ಕಾದು ಹ್ಯಾಂಡಲ್ ತಿರುವಿದೆ. ಕಾರು ಹೊರಟಿತು.

ಊರ ಬಾಗಿಲಲ್ಲಿ ಆ ಕಲ್ಲು ಇನ್ನೂ ಇತ್ತು. ನಿಲ್ಲಿಸಿ ಎಂದರು. ಎಂಜಿನ್ನು ಆರಿಸದೆ ನಿಲ್ಲಿಸಿದೆ. ಅಮ್ಮ ಕಲ್ಲನ್ನು ನೋಡುತ್ತ ಕೂತರು, ಅತ್ತರು, ಸೆರಗಿನಿಂದ ಮುಖ ಒರೆಸಿಕೊಂಡರು. "ಹೂಂ, ಎಡಕ್ಕೆ ತಿರುಗಬೇಕು. ಆ ಕೈ ನಾನು ಎತ್ತಲಾ?" ಎಂದರು. ಸ್ವಿಚ್ಚು ತೋರಿಸಿದೆ. ಕಾರಿನ ಪುಟ್ಟ ಕೈ ಟಕ್ಕೆಂದು ಹೊರಬಂದು ತವರಿನ ದಾರಿ ತೋರಿಸಿತು.

ಹಾರ್ನ್ ಕೇಳಿ ಅವರ ತಮ್ಮ ಹೊರಗೆ ಬಂದರು. ನರೆತ ತಲೆ, ಹೆಗಲ ಮೇಲೆ ಟವೆಲ್ಲು. ಕಾರು ನೋಡಿದರು, ಅಕ್ಕನನ್ನು ನೋಡಿದರು, ಬಾಯಿ ತೆರೆದು ಹಾಗೇ ನಿಂತರು. ನಾನಿಳಿದು ಬಾಗಿಲು ತೆರೆದೆ. ಅಮ್ಮ ಇಳಿಯಲಿಲ್ಲ.

"ಕೇಳೋ. ಪ್ರತಿ ಸಲ ಕೇಳ್ತಿದ್ದೆಯಲ್ಲ," ಎಂದರು.

ಆ ಮನುಷ್ಯ ಟವೆಲ್ಲು ಬಾಯಿಗೆ ಒತ್ತಿಕೊಂಡರು, ತೆಗೆದರು. ಕೊನೆಗೆ ಹುಡುಗನ ದನಿಯಲ್ಲಿ, "ಕಾರೆಲ್ಲಿ ಅಕ್ಕಾ?" ಎಂದರು.

"ಇಲ್ಲೇ ಇದೆ ಕಣೋ," ಎಂದರು ಅಮ್ಮ. "ಬಾ, ಹತ್ತು. ಕಲ್ಲಿನವರೆಗೂ ಒಂದು ಸಲ ಹೋಗಿ ಬರೋಣ."