ನೀಲಿ ಸಂಡಾಸು ಇದ್ದ ಒಂಬತ್ತು ದಿನ

ಸಿಂದಗಿಯಲ್ಲಿ ನಾವು ಮನೆ ಕಟ್ಟಿಸಿದ ವರ್ಷದ ಬಗ್ಗೆ ನಾನು ಹೇಳುವುದಕ್ಕೂ ನನ್ನ ಹೆಂಡತಿ ಹೇಳುವುದಕ್ಕೂ ತಾಳೆಯಾಗುವುದಿಲ್ಲ. ಧಾರವಾಡದಲ್ಲಿ ಸಮಾಜಶಾಸ್ತ್ರ ಓದಿ, ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ಕಲಿತು ಬಂದವನು ನಾನು. ಈ ವಿಷಯದಲ್ಲಿ ಸಾಕ್ಷಿ ಎಂದರೆ ಅವಳೊಬ್ಬಳೇ.

ಊರ ಅಂಚಿನ ಹೊಸ ಬಡಾವಣೆ, ಏಪ್ರಿಲ್ ಬಿಸಿಲು. ಗೌಂಡಿಯ ಕೈಕೆಳಗೆ ಸಿಮೆಂಟು ಕಲಸಿ ಹೊರಲು ದೇವರ ಹಿಪ್ಪರಗಿ ಕಡೆಯಿಂದ ಬೆಳಗಿನ ಬಸ್ಸಿಗೆ ಒಬ್ಬಳು ಬರುತ್ತಿದ್ದಳು. ನಲವತ್ತರ ಆಸುಪಾಸು, ಬಾಯಿ ಜೋರು. ನಾನು ನೆರಳಿನಲ್ಲಿ ಪುಸ್ತಕ ಹಿಡಿದು ಕೂತದ್ದು ಕಂಡರೆ ಸಾಕು.

"ಮಾಸ್ತರ್ರ, ನೀವು ಓದಿದ್ದೆಲ್ಲಾ ಇಟ್ಟಂಗಿ ಆಗಿದ್ರ ಈ ಮನಿ ಇಷ್ಟೊತ್ತಿಗೆ ಎರಡ ಮಜಲಿ ಏರತಿತ್ತು ನೋಡ್ರಿ."

ಮಧ್ಯಾಹ್ನ ಎಲ್ಲರಿಗೂ ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುವುದು ನಮ್ಮ ಮನೆಯ ರೂಢಿ. ಗಂಡಸರು ಗಟಗಟ ಕುಡಿಯುತ್ತಿದ್ದರು. ಅವಳು ಬೆಲ್ಲವನ್ನು ಸೆರಗಿಗೆ ಗಂಟು ಹಾಕಿಕೊಂಡು ತಂಬಿಗೆಯನ್ನು ಹಾಗೇ ಹಿಂದೆ ಸರಿಸುತ್ತಿದ್ದಳು. "ಬೆಲ್ಲ ಅಷ್ಟ ಸಾಕ್ರಿ. ನೀರಡಿಕಿ ಇಲ್ಲ."

ಆ ಬಿಸಿಲಿನಲ್ಲಿ ನೀರಡಿಕೆ ಇಲ್ಲವಂತೆ. ನಾವು ಮುಸಲ್ಮಾನರು. ಅಜ್ಜನ ಅಜ್ಜನೂ ಇದೇ ಊರಿನ ಮಣ್ಣಾದವನು. ಆದರೂ ಕೆಲವು ಕೈಗಳು ನಮ್ಮ ತಂಬಿಗೆಯ ಮುಂದೆ ಹಿಂಜರಿಯುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ಅರ್ಥ ಹಚ್ಚಲು ನನಗೆ ಹೊತ್ತು ಹಿಡಿಯಲಿಲ್ಲ. ಆ ವಾರ ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ವಿಚಾರಗೋಷ್ಠಿ ಇತ್ತು. ಅಲ್ಲಿ ಆ ತಂಬಿಗೆಯನ್ನೇ ಉದಾಹರಣೆಯಾಗಿ ಕೊಟ್ಟೆ. ಸಭೆ ತಲೆದೂಗಿತು. ಚಪ್ಪಾಳೆಯೂ ಬಿತ್ತು ಎಂದು ನೆನಪು. ಅದನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು.

ಮುಂದೊಂದು ದಿನ ಬುತ್ತಿ ತಂದ ಹೆಂಡತಿ, ತುಂಬಿದ ತಂಬಿಗೆ ಹಿಂದೆ ಬಂದದ್ದನ್ನು ನೋಡಿದಳು. ಅವಳು ಅರ್ಥ ಹಚ್ಚಲಿಲ್ಲ, ಆ ಹೆಂಗಸನ್ನು ಪಕ್ಕಕ್ಕೆ ಕರೆದು ಕೇಳಿದಳು.

"ನೀರು ಕುಡಿದು ಆಕಿ ಎಲ್ಲಿ ಹೋಗಬೇಕ್ರಿ?" ಎಂದಳು ನನ್ನ ಬಳಿ ಬಂದು. "ಗಂಡಸರು ಗ್ವಾಡಿ ಮರಿ ಹಿಡೀತಾರ. ಮದ್ಲ ಹಿಂದ ಜಾಲಿ ಕಂಟಿ ಇದ್ದೂವು, ಅವನ್ನ ಕಡದು ಕಂಪೌಂಡ್ ಹಾಕ್ಯಾರ. ಮುಂಜಾನಿ ಬಸ್ ಹತ್ತೂ ಮುಂದ ಹೋದಾಕಿ, ಸಂಜಿಗೆ ಮನಿ ಮುಟ್ಟಿದ ಮ್ಯಾಲ ಹೋಗ್ತಾಳ. ಹೋಗೂ ಮುಂದ ಉರಿ ಹತ್ತೇತಂತ. ಜ್ವರಾನೂ ಬರಾಕತ್ತಾವಂತ."

"ನನಗ್ಯಾಕ ಹೇಳಲಿಲ್ಲ?"

"ನಿಮಗ? ಭಾಷಣದಾಗ ಹೇಳಾಕೇನು?"

ಮರುದಿನವೇ ಪೆಂಡಾಲಿನವನಿಂದ ಸಂಡಾಸು ಬಾಡಿಗೆಗೆ ತರಿಸಿದೆ. ಮದುವೆಗಳಿಗೆ ಕೊಡುವಂಥದು, ನೀಲಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಕೆಳಗೆ ಟಾಕಿ, ಟೆಂಪೋದಿಂದ ನಾಲ್ವರು ಇಳಿಸಿದರು. ಸಿಮೆಂಟು ಹೊರುವವಳು ಒಳಗೆ ಹೋಗಿ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದಳು. "ನಮ್ಮ ಮನಿ ಬಾಗಲಕ್ಕಿಂತ ಇದರದ ಚೊಲೊ ಐತ್ರಿ." ಅವತ್ತು ಮಧ್ಯಾಹ್ನ ತಂಬಿಗೆ ಖಾಲಿ ಮಾಡಿ ನನ್ನ ಮುಂದೆ ಹಿಡಿದಳು. "ಇನ್ನೊಂದು ತುಂಬ್ಕೊಂಡು ಬರ್ರಿ ಮಾಸ್ತರ್ರ. ಕುಂತು ಕುಂತು ನಿಮ್ಮ ಕಾಲು ಜಡ್ಡ ಹಿಡದಾವು."

ಒಂಬತ್ತು ದಿನ ಹೀಗೆ ನಡೆಯಿತು.

ಹತ್ತನೆಯ ದಿನ ಪಕ್ಕದ ಮನೆಯ ನಿವೃತ್ತ ಹಿರಿಯರು ಬಂದರು. ಒಳ್ಳೆಯ ಮನುಷ್ಯ, ನಮ್ಮ ಪಾಯಕ್ಕೆ ತಮ್ಮ ಬೋರಿನ ನೀರು ಬಿಟ್ಟವರು. "ಮುದ್ದೇಬಿಹಾಳದಿಂದ ಕನ್ಯಾ ನೋಡಾಕ ಬರಾಕತ್ತಾರ್ರಿ. ಗಾಡಿ ಇಳಿದ ಕೂಡ್ಲೆ ಕಣ್ಣಿಗೆ ಸಂಡಾಸ ಬೀಳತೈತಿ. ಒಂದ ದಿನ ಅಷ್ಟ ಸರಸ್ರಿ ಮಾಸ್ತರ್ರ."

ನಾನು ವಾದಿಸಿದೆನೆಂದು ನನ್ನ ನೆನಪು. ದುಡಿಯುವವರು ಮನುಷ್ಯರಲ್ಲವೇ ಎಂಬ ಮಾತು ನನ್ನ ಬಾಯಿಂದ ಬಂದದ್ದು ಇನ್ನೂ ಕಿವಿಯಲ್ಲಿದೆ. ಹೆಂಡತಿ ಬೇರೆಯೇ ಹೇಳುತ್ತಾಳೆ: "ನೀವು 'ಅದಕ್ಕೇನ್ರಿ, ಆಗ್ಲಿ' ಅಂದ್ರಿ. ಪೆಂಡಾಲಿನವಗ ನೀವ ಫೋನ್ ಹಚ್ಚಿದ್ರಿ." ಇಂಡಿ ಪಟ್ಟಣದಲ್ಲಿ ಮದುವೆಯಿದೆ ಎಂದು ಪೆಂಡಾಲಿನವನೇ ಬಂದು ಒಯ್ದನೆಂದು ನಾನು ಅನ್ನುತ್ತೇನೆ. ಆ ಫೋನನ್ನು ಆಮೇಲೆ ಬದಲಾಯಿಸಿದೆ. ತೆಗೆದು ನೋಡಲು ಏನೂ ಉಳಿದಿಲ್ಲ.

ಸಂಬಂಧ ಕೂಡಿತು. ಹಿರಿಯರು ಪೇಡೆ ತಂದುಕೊಟ್ಟರು. ಸಂಡಾಸು ತಿರುಗಿ ಬರಲಿಲ್ಲ. ಮದುವೆಯ ಹಂಗಾಮು, ಕೇಳಿದರೂ ಸಿಗಲಿಕ್ಕಿಲ್ಲ ಎಂದುಕೊಂಡೆ. ಕೇಳಿದೆನೋ ಇಲ್ಲವೋ ಖಾತ್ರಿಯಿಲ್ಲ.

ತಂಬಿಗೆ ಮತ್ತೆ ತುಂಬಿದ್ದು ತುಂಬಿದಂತೆ ಹಿಂದೆ ಬರತೊಡಗಿತು. ಅವಳು ನನ್ನ ಪುಸ್ತಕದ ಚೇಷ್ಟೆಯನ್ನೂ ಬಿಟ್ಟಳು.

ಹೊರಗೋಡೆಗೆ ಸಿಮೆಂಟಿನ ಗಿಲಾವು ಬಳಿಯುವ ಹೊತ್ತಿಗೆ ಮನೆಯೊಳಗಿನ ಸಂಡಾಸು ತಯಾರಾಗಿತ್ತು. ಬಿಳಿ ಟೈಲ್ಸು, ನಳ, ನೀರು ಎಲ್ಲ. ಆ ಗೋಡೆಯ ಸಿಮೆಂಟು ಹೊತ್ತವಳು ಅವಳೇ. ಹೊಸ ಟೈಲ್ಸಿನ ಮೇಲೆ ಕೆಲಸದವರ ಕಾಲು ಬೀಳಬಾರದೆಂದು ಬಾಗಿಲಿಗೆ ಬೀಗ ಬಿದ್ದಿತ್ತು. ಇದೊಂದರಲ್ಲಿ ಹೆಂಡತಿ ನನ್ನ ಪರ. ಕೀಲಿಕೈ ಟೈಲ್ಸಿನವನ ಹತ್ತಿರ ಇತ್ತು, ಅವನು ತನ್ನ ಊರಿಗೆ ಹೋಗಿದ್ದ ಅನ್ನುತ್ತಾಳೆ. ನಂಬಿದರೆ ನನಗೆ ಹಗುರ.

ಆದರೆ ಒಂದು ಮಧ್ಯಾಹ್ನ ಆ ಕೆಲಸದವಳ ಮುಂದೆ ತಂಬಿಗೆ ಇಡಲು ಬಗ್ಗಿದಾಗ ನನ್ನ ಷರಟಿನ ಜೇಬಿನಿಂದ ಆ ಸಂಡಾಸಿನ ಕೀಲಿಕೈ ಜಾರಿ ಉಸುಕಿನಲ್ಲಿ ಬಿತ್ತು. ಅವಳೇ ಹೆಕ್ಕಿದಳು. ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

"ಜ್ವಾಕಿ ಇಟ್ಕೋರಿ ಮಾಸ್ತರ್ರ, ಕಳದೀತು. ಬೆಲ್ಲ ಅಷ್ಟ ಕೊಡ್ರಿ."

ಬೆಲ್ಲ ಕೊಟ್ಟೆ.