ತಿಂಗಳಿಗೊಂದು ಕಾರ್ಡು

ಜಮಖಂಡಿ ಸಂಸ್ಥಾನದ, ಹಳೆಯ ಮರಾಠಿಯ ಮೋಡಿ ಲಿಪಿಯ ಕಾಗದಪತ್ರಗಳನ್ನು ಓದಿ, ಅವುಗಳೊಳಗಿದ್ದ ರೈತರನ್ನೂ ಕುರಿಗಾರರನ್ನೂ ಇತಿಹಾಸದ ಪಾಠದೊಳಕ್ಕೆ ಕರೆತಂದ ವಿದ್ವಾಂಸರಲ್ಲಿ ಪ್ರೊ. ಅಂದಾನೆಪ್ಪ ಹಳಿಂಗಳಿಯವರು ಅಗ್ರಗಣ್ಯರು. ಮೂವತ್ತನಾಲ್ಕು ವರ್ಷಗಳ ಅಧ್ಯಾಪನ ಮುಗಿಸಿ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಹೊಗಳಿಕೆಯನ್ನು ಈ ಅಭಿನಂದನ ಗ್ರಂಥದ ಉಳಿದ ಲೇಖಕರು ಧಾರಾಳವಾಗಿ ಬರೆದಿರುತ್ತಾರೆಂಬ ಭರವಸೆಯಿಂದ ನಾನು ನನ್ನದೊಂದು ಸುಳ್ಳಿನ ಕಥೆ ಹೇಳುತ್ತೇನೆ.

೨೦೦೩ರಲ್ಲಿ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ.ಗೆ ಸೇರಿದಾಗ ನಾನು ಮುಧೋಳದಲ್ಲಿ ಅತಿಥಿ ಉಪನ್ಯಾಸಕಿ. ಜೂನ್‌ನಲ್ಲಿ ಸಿಕ್ಕ ಕೆಲಸ ಮಾರ್ಚ್‌ಗೆ ಮುಗಿಯುತ್ತಿತ್ತು. ಲೋಕಾಪುರದ ಹತ್ತಿರದ ನಮ್ಮ ಊರಿನಲ್ಲಿ, ಬೀರೇಶ್ವರನ ಗುಡಿಯ ಕಟ್ಟೆಯ ಮೇಲೆ ಕೂತವರೆಲ್ಲ "ಇನ್ನೂ ಎಷ್ಟ ಓದ್ತೀಬೇ ಭಾಗ್ಯಾ?" ಎಂದು ಕೇಳುವವರೇ. ಪ್ರಬಂಧಕ್ಕಿಂತ ಹೆಚ್ಚಾಗಿ, ಅದು ಮುಗಿದ ಮೇಲೇನು ಎಂಬ ಚಿಂತೆ ನನ್ನನ್ನು ತಿನ್ನುತ್ತಿತ್ತು.

ಗುರುಗಳದೊಂದು ಪದ್ಧತಿಯಿತ್ತು. ಹೋದ ತಿಂಗಳು ಬಾರದಿದ್ದ ಯಾವ ಕೆಲಸ ಈ ತಿಂಗಳು ಬರುತ್ತದೆ ಎಂಬುದನ್ನು ಪ್ರತಿ ವಿದ್ಯಾರ್ಥಿಯೂ ಒಂದೇ ಸಾಲಿನಲ್ಲಿ ಅಂಚೆ ಕಾರ್ಡಿನ ಮೇಲೆ ಬರೆದು ಅವರಿಗೆ ಕಳಿಸಬೇಕು. "ನಾಳಿ ನೌಕರಿ ಕೊಡಾವ್ರು ಏನ್ ಕೇಳ್ತಾರೋ, ಅದನ್ನ ಇವತ್ತ ನಾವ ಕೇಳ್ಕೋಬೇಕು" ಎನ್ನುತ್ತಿದ್ದರು.

೨೦೦೫ರ ಜುಲೈನಲ್ಲಿ ಬರೆಯಲು ಏನೂ ಇರಲಿಲ್ಲ. ನಾಚಿಕೆಯಿಂದ, 'ಮೋಡಿಯನ್ನು ಸರಾಗವಾಗಿ ಓದಬಲ್ಲೆ' ಎಂದು ಬರೆದುಬಿಟ್ಟೆ. ಆಗ ನನಗೆ ಬಿಡಿ ಅಕ್ಷರಗಳಾಚೆ ಒಂದು ಸಾಲೂ ಓದಲು ಬರುತ್ತಿರಲಿಲ್ಲ.

ವಾರದೊಳಗೆ ಅನಗವಾಡಿ ಕಡೆಯ ಕುರಿಗಾರ ಗಿರಮಲ್ಲಪ್ಪನವರು ಹೆಂಡತಿ ಸಾತವ್ವನೊಂದಿಗೆ ನಮ್ಮ ಮನೆಗೆ ಬಂದರು. ನನ್ನ ಕಾರ್ಡು ನಂಬಿ ಅವರನ್ನು ಕಳಿಸಿದವರು ಗುರುಗಳೇ. ಅಣೆಕಟ್ಟಿನ ಹಿನ್ನೀರಿಗೆ ಹೋದ ಹೊಲ ತಮ್ಮದೆಂದು ತೋರಿಸಿ ಪರಿಹಾರ ಕೇಳಲು ಅವರ ಬಳಿಯಿದ್ದುದು ಒಂದು ಮೋಡಿ ಪತ್ರ. ಗುರುವಾರ ವಿಚಾರಣೆ.

"ನಮ್ಮಪ್ಪ ಹೊಳೆಪ್ಪನ ಹೆಸರ ಐತೇನ ನೋಡವ್ವಾ" ಎಂದರು ಗಿರಮಲ್ಲಪ್ಪನವರು.

ನಾನು ಬಹಳ ಹೊತ್ತು ಕಾಗದ ನೋಡಿದಂತೆ ಮಾಡಿ, "ಐತ್ರಿ" ಎಂದೆ. ಸಾತವ್ವ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಅವರು ಹೋದ ಮೇಲೆ ನನಗೆ ಅನ್ನ ಸೇರಲಿಲ್ಲ. ಅದೇ ವಾರ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನೇಮಕದ ಆದೇಶವೂ ಬಂದಿತ್ತು. ಪಿಎಚ್.ಡಿ. ಬಿಟ್ಟು ಹಾಜರಾದರೆ ಸುಳ್ಳು ಅಲ್ಲಿಗೇ ಮುಚ್ಚಿಹೋಗುತ್ತದೆಂದು ಒಮ್ಮೆ ಅನ್ನಿಸಿದ್ದು ನಿಜ. ಆದರೆ ಗುರುವಾರ ಹತ್ತಿರವಾಗುತ್ತಿತ್ತು. ಮಂಗಳವಾರ ಮುಂಜಾನೆ ಜಮಖಂಡಿ ಬಸ್ಸು ಹತ್ತಿ, ಗುರುಗಳ ಮುಂದೆ ಎಲ್ಲವನ್ನೂ ಹೇಳಿ ಅತ್ತೆ.

ಅವರು ಬಯ್ಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ನಡಿ, ಅವರ ಮನಿಗೆ ಹೋಗೂಣು" ಎಂದರು. ಗಿರಮಲ್ಲಪ್ಪನವರ ಅಂಗಳದಲ್ಲಿ ಪತ್ರ ನೋಡಿದವರೇ ಅದು ಬೇರೆ ಯಾರದೋ ಹೊಲದ್ದೆಂದು ಹೇಳಿದರು. ಸಾತವ್ವ ಒಳಗಿನ ಟ್ರಂಕು ತಂದು ಸುರಿದರು. ಉಳಿದ ಕಾಗದಗಳನ್ನು ಗುರುಗಳು ತಾವು ಓದಲಿಲ್ಲ, ನನ್ನ ಕೈಗಿಟ್ಟರು. ತಪ್ಪಿದಲ್ಲಿ ಮಾತ್ರ ಬೆರಳಿಟ್ಟು ತೋರಿಸುತ್ತ ನಾಲ್ಕು ತಾಸು ಪಕ್ಕದಲ್ಲೇ ಕೂತರು. ಏಳನೆಯ ಕಾಗದದಲ್ಲಿ ಹೊಳೆಪ್ಪನವರ ಹೆಸರು ಸಿಕ್ಕಾಗ ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದೆ.

ಗುರುವಾರ ವಿಚಾರಣೆಯಲ್ಲಿ ಆ ಕಾಗದ ನಿಂತಿತು, ಹೊಲ ಅವರದೆಂದಾಯಿತು.

ಅವರ ಮನೆಯಿಂದ ಮರಳುವಾಗಲೇ ಗುರುಗಳಿಗೆ ನೇಮಕದ ಆದೇಶ ತೋರಿಸಿದ್ದೆ. "ಹಾಜರಾಗು. ಪಿಎಚ್.ಡಿ. ಎಲ್ಲೂ ಓಡಿ ಹೋಗಂಗಿಲ್ಲ. ಖರೆ, ಸುಳ್ಳ ಕಾರ್ಡ್ ಮಾತ್ರ ಹಾಕಬ್ಯಾಡ" ಎಂದರು. ನನ್ನ ನೋಂದಣಿಯನ್ನು ಅರೆಕಾಲಿಕವಾಗಿ ಬದಲಿಸಲು ಧಾರವಾಡಕ್ಕೆ ಮೂರು ಸಲ ಅವರೇ ಅಲೆದರು. ೨೦೦೯ರಲ್ಲಿ ಪದವಿ ಬಂತು. ವಿಶ್ವವಿದ್ಯಾಲಯದ ನೌಕರಿ ಸಿಗಲಿಲ್ಲ, ಆ ನೋವು ಇಂದಿಗೂ ಇದೆ. ಆದರೆ ಭಾನುವಾರಗಳಂದು ನಮ್ಮ ಮನೆಯ ಕಟ್ಟೆಯ ಮೇಲೆ ಹಳೆಯ ಕಾಗದ ಹಿಡಿದವರು ಕಾದಿರುತ್ತಾರೆ, ನಾನು ಓದಿ ಹೇಳುತ್ತೇನೆ.

ಕಳೆದ ವಾರ ಗುರುಗಳ ಮನೆಗೆ ಹೋದಾಗ, ಅವರ ಶ್ರೀಮತಿ ಕಸ್ತೂರೆವ್ವನವರು ಚಹಾ ತರಲು ಒಳಗೆ ಹೋದದ್ದನ್ನು ನೋಡಿಕೊಂಡು, "ಭಾಗ್ಯಾ, ಒಂದನೇ ತಾರೀಖಿಗೆ ಮುಂಜಾನೆದ್ದ ನಾ ಎಲ್ಲಿಗೆ ಹೋಗ್ಲಿ?" ಎಂದು ಮೆಲ್ಲಗೆ ಕೇಳಿದರು. ನಮ್ಮೆಲ್ಲರ ನಾಳೆಯನ್ನು ಯೋಚಿಸಿದವರು ತಮ್ಮದನ್ನು ಯೋಚಿಸಿಯೇ ಇರಲಿಲ್ಲ.

ಆದ್ದರಿಂದ ಈ ಲೇಖನದೊಂದಿಗೆ, ನನ್ನ ವಿಳಾಸ ಬರೆದ ಹನ್ನೆರಡು ಅಂಚೆ ಕಾರ್ಡುಗಳನ್ನು ಗುರುಗಳಿಗೆ ಒಪ್ಪಿಸುತ್ತಿದ್ದೇನೆ. ತಿಂಗಳಿಗೊಂದು, ಒಂದೇ ಸಾಲು. ಏನೂ ಕಲಿಯಲಿಲ್ಲ ಎಂದು ಬರೆದರೂ ನಡೆದೀತು, ಸುಳ್ಳು ಮಾತ್ರ ಬರೆಯಬಾರದು. ಅವರು ಆರೋಗ್ಯದಿಂದ ನೂರು ವರ್ಷ ಬಾಳಲಿ. ಅಲ್ಲಿಯವರೆಗೂ ಕಾರ್ಡು ಒದಗಿಸುವ ಹೊಣೆ ನನ್ನದು.